ಅಕ್ಸಾಳ ಬಿಳುಪು

ಲಾಹೋರಿನ ಇಛ್ರಾದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನಾಹೀದ್, ಮದುಮಗಳ ಮುಖ ತೊಳೆಸಿ, ಅರ್ಧ ಗಂಟೆ ಏನೂ ಹಚ್ಚದೆ ಕೂರಿಸಿ, ಹಣೆಗೂ ಮೂಗಿಗೂ ತೆಳು ಕಾಗದ ಒತ್ತಿ ನೋಡುತ್ತಾಳೆ. ಎಣ್ಣೆ ಅಂಟಿದರೆ ಒಂದು ಬಗೆಯ ಮೇಕಪ್, ಅಂಟದಿದ್ದರೆ ಇನ್ನೊಂದು. ಇವತ್ತು ಬಂದ ಮದುಮಗಳು ಮಹರೀನಳ ಹಣೆಗೆ ಒತ್ತಿದ ಕಾಗದ ಒಣಗಿಯೇ ಇತ್ತು.

“ಒಣ ಚರ್ಮ, ತೆಳುವೂ ಹೌದು. ರಾತ್ರಿ ಬಾದಾಮಿ ಎಣ್ಣೆ ಸವರಿದ್ರೆ ಸಾಕು. ಪೌಡರ್ ಬೇಡ,” ಎಂದಳು ನಾಹೀದ್.

“ಬಾದಾಮಿ ನಮ್ಮನೇಲೂ ಇದೆ ಬಾಜಿ,” ಎಂದಳು ಜೊತೆಗೆ ಬಂದಿದ್ದ, ಮಹರೀನಳ ಅತ್ತೆಯಾಗಲಿರುವವಳು. “ನಿಮ್ಮ ಸೊಸೆ ಹಚ್ಚೋ ಫಾರ್ಮುಲಾ ಕ್ರೀಮ್ ಕೊಡಿ. ಮದುವೆಗೆ ಇನ್ನು ಇಪ್ಪತ್ತೇ ದಿನ.”

ಹೆಸರಿಲ್ಲದ ಟ್ಯೂಬುಗಳನ್ನು ಬೆರೆಸಿ, ಮುಖ ಬೆಳ್ಳಗಾಗಿಸುವ ಆ ಕ್ರೀಮನ್ನು ನಾಹೀದಳೇ ಕಲಸುತ್ತಿದ್ದಳು. ವರ್ಷದಿಂದ ಅದನ್ನು ಹಚ್ಚಿಕೊಳ್ಳುತ್ತಿರುವ ಸೊಸೆ ಅಕ್ಸಾಳ ಮುಖವೇ ಪಾರ್ಲರಿನ ಬೋರ್ಡು. ಈಗ ಆ ಮುಖ ಒಲೆಯ ಕಾವು ತಾಳುವುದಿಲ್ಲ. ಒದ್ದೆ ದುಪಟ್ಟಾ ಸುತ್ತಿಕೊಂಡೇ ಅವಳು ಏಳು ಜನರಿಗೆ ರೊಟ್ಟಿ ಸುಡುತ್ತಾಳೆ.

ಅಕ್ಸಾ ಚಹಾ ತಂದಳು. ಬಂದವರು ಅವಳ ಮುಖ ನೋಡಿದರು. ನಾಹೀದ್ ಕಾಲು ನೋಡಿದಳು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಬಗ್ಗಿ ಹೆಬ್ಬೆರಳಿಂದ ಒತ್ತಿದಳು. ಬಿದ್ದ ಗುಳಿ ಹಾಗೇ ಉಳಿಯಿತು.

“ಯಾವಾಗಿಂದ ಹೀಗೆ?”

“ಈದ್‌ನಿಂದ ಅಮ್ಮೀ. ನಿಂತು ನಿಂತು ಊದಿದೆ ಅಂತ ನೀವೇ ಅಂದಿದ್ರಲ್ಲ.”

ನಾಹೀದ್ ಮಹರೀನಳ ಅತ್ತೆಯ ಕಡೆ ತಿರುಗಿದಳು. “ಕ್ರೀಮ್ ಕೊಡಲ್ಲ,” ಎಂದಳು. “ಈ ಕಾಲು ನೋಡಿ. ಇದು ಅದರದೇ ಕೆಲಸ ಅನ್ಸುತ್ತೆ. ಆ ಟ್ಯೂಬುಗಳಲ್ಲಿ ಪಾದರಸ ಇರುತ್ತಂತೆ, ಕಿಡ್ನಿ ಕೆಡಿಸಿ ಮೈ ಊದಿಸುತ್ತಂತೆ.”

ಆ ಹೆಂಗಸು ಅಷ್ಟರಲ್ಲಿ ಕಪಾಟಿನಲ್ಲಿದ್ದ ಕ್ರೀಮಿನ ಡಬ್ಬಿಯನ್ನು ಚೀಲಕ್ಕೆ ಇಳಿಸಿಯಾಗಿತ್ತು. “ಕಾಲು ಯಾರಿಗೆ ಕಾಣುತ್ತೆ ಬಾಜಿ? ಲೆಹಂಗಾ ಮುಚ್ಚುತ್ತೆ.”