ಸೈಕಲ್ ಹತ್ತಿದ ನಾಯಿಕೆ

“ಇದರಾಗ ಹುಡುಗಿ ಸಾಯೂದಿಲ್ಲರೀ ರಾಯರ, ಸೈಕಲ್ ಹತ್ತಿ ಕಾಲೇಜಿಗೆ ಹೋಗ್ತಾಳ!” ನನ್ನನ್ನು ಮಾತನಾಡಿಸಲು ಬಂದ ಪಕ್ಕದ ಮನೆಯ ಗೋದಕ್ಕ ಮರಾಠಿ ಮಾಸಪತ್ರಿಕೆ ಬಿಡಿಸಿಕೊಂಡು ಕುಳಿತರು. ನನ್ನ ಹೆಂಡತಿ ಕ್ಷಯದಿಂದ ತೀರಿಕೊಂಡು ಇನ್ನೂ ಮೊದಲ ತಿಂಗಳ ಮಾಸಿಕ ಆಗಿರಲಿಲ್ಲ. ಆಕೆ ಮಧ್ಯಾಹ್ನ ನಮ್ಮ ವಾಡೆಯ ಹೆಂಗಸರಿಗೆ ಓದಿ ಹೇಳುತ್ತಿದ್ದ ಹಳೆಯ ಕಾದಂಬರಿಯನ್ನೇ ಆ ಪತ್ರಿಕೆಯಲ್ಲಿ ಯಾರೋ ಹೊಸ ಕಾಲದ ಪ್ರೇಮಕಥೆ ಮಾಡಿದ್ದರು. ಮೂಲದಲ್ಲಿ ಅದೇ ಕ್ಷಯದಿಂದ ಸಾಯುವ ನಾಯಿಕೆ ಇಲ್ಲಿ ಪುಣೆಯ ಡಾಕ್ಟರನೊಬ್ಬನ ಜೊತೆ ಮುಠಾ ನದಿಯ ಸೇತುವೆಯ ಮೇಲೆ ಶೇಂಗಾ ತಿನ್ನುತ್ತಾಳೆ!

ನನಗೆ ತಡೆಯಲಾಗಲಿಲ್ಲ. “ಸತ್ತಾಕಿನ್ನ ಎಬ್ಬಿಸಿ ಹಿಂಗ ಕುಣಿಸಬ್ಯಾಡ್ರಿ ಗೋದಕ್ಕ. ಕಥಿ ಇದ್ದಂಗ ಇರಲಿ,” ಎಂದು ರೇಗಿದೆ.

ಅವರು ಪತ್ರಿಕೆ ಮಡಚಿದರು. “ಕೆಮ್ಮು ಹತ್ತಿದ ಮ್ಯಾಲೆ ನಿಮ್ಮಾಕಿನೂ ಆ ಹುಡುಗೀನ್ನ ಸಾಯಗೊಡಲಿಲ್ಲರೀ. ಕಡೀ ಪುಟ ಓದ್ತಿರಲಿಲ್ಲ. ‘ಲಗ್ನ ಆತು, ಏಳ್ರಿ, ಚಹಾದ ಹೊತ್ತಾತು’ ಅಂತ ಪುಸ್ತಕ ಮುಚ್ಚತಿದ್ಲು. ನಾವೂ ಹೂಂ ಅಂತಿದ್ವಿ.”

ಆ ಹಾಳು ಸೈಕಲ್ಲು, ಆ ಶೇಂಗಾ ನನಗೆ ಇಂದಿಗೂ ಸೇರುವುದಿಲ್ಲ. ಆದರೆ ಅಂದು ಗೋದಕ್ಕನಿಗೆ ಪತ್ರಿಕೆಯನ್ನು ಮತ್ತೆ ಬಿಡಿಸಲು ಹೇಳಿ, ಲಗ್ನವಾಗುವವರೆಗೂ ಕುಳಿತು ಕೇಳಿದೆ.