ಸತ್ತ ರಾಜ ಬುಧವಾರ ಎದ್ದು ಬಂದ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದವರು ಸಿಡ್ನಿಯ ಕೆಲ್ಲಿವಿಲ್‌ನಲ್ಲಿದ್ದ ನನ್ನ ಸೋದರಮಾವ. ಅವರದು ಡಿಪ್ಲೊಮಾ, ನಮ್ಮ ಕುಟುಂಬದಲ್ಲಿ ಓದು ಅಲ್ಲಿಯವರೆಗೆ ಹತ್ತಿ ಸುಸ್ತಾಗಿ ನಿಂತಿತ್ತು. "ಇಂಗ್ಲಿಷ್ ಸಾಹಿತ್ಯ ತಗೊಂಡಿದ್ದೀಯಾ? ನೀನಾ?" ಎಂದು ಫೋನಿನಲ್ಲಿ ನಕ್ಕರು. "ರೆಂಟ್ ಅಗ್ರಿಮೆಂಟ್ ಓದ್ಲಿಕ್ಕೇ ನಂಗೆ ಫ್ಯಾಕ್ಸ್ ಮಾಡಿದವಳು ನೀನು, ಮಾರಾಯ್ತಿ!"

ಮಾಡಿದ್ದು ನಿಜ. ಆದರೂ ಹಗಲು ಬಾಕ್ಸ್ ಹಿಲ್‌ನ ಕ್ಯಾಂಟೀನೊಂದರಲ್ಲಿ ಸ್ಯಾಂಡ್‌ವಿಚ್ ಕಟ್ಟುತ್ತ, ಸಂಜೆ ತರಗತಿಗೆ ಓಡುತ್ತ ಕೊನೆಯ ವಿಷಯದವರೆಗೆ ಬಂದೆ. ಅಲ್ಲಿ ಒಂದು ಹಳೆಯ, ಹೆಸರುವಾಸಿ ಫ್ಯಾಂಟಸಿ ಕಾದಂಬರಿ ದಾರಿಗೆ ಅಡ್ಡ ಕೂತಿತ್ತು. ತೆರೆದಾಗಲೆಲ್ಲ ಮುನ್ನುಡಿಯಲ್ಲೇ ನಿದ್ದೆ. ಲೈಬ್ರರಿಯವರು ಕನಿಕರಪಟ್ಟು, ಅದೇ ಕಾದಂಬರಿಯನ್ನು ಒಬ್ಬ ನಟ ಓದಿದ ಸಿಡಿಗಳ ಪೆಟ್ಟಿಗೆ ಕೊಟ್ಟರು.

ವೆರಿಬೀಯ ನಮ್ಮ ಅಡುಗೆಮನೆಯಲ್ಲಿ ರಾಶಿ ಸಿಡಿಗಳನ್ನು ಒಟ್ಟಿಗೆ ನುಂಗುವ ಪ್ಲೇಯರ್ ಇತ್ತು. ಆಗ ಉಡುಪಿಯಿಂದ ಅಮ್ಮ ಬಂದಿದ್ದಳು. ಇಂಗ್ಲಿಷ್ ಬಾರದು. ಆದರೆ ಆಯುಷ್ಯವಿಡೀ ತಾಳಮದ್ದಳೆ ಕೇಳಿದವಳು. ಅಂದರೆ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಕಥೆ ನಡೆಸುವ ಯಕ್ಷಗಾನ. ತೆಂಗಿನಕಾಯಿ ತುರಿಯುತ್ತ ಆ ನಟನಿಗೆ ಕಿವಿಗೊಟ್ಟಳು.

"ಇವ ರಾಜ ಅಲ್ಲ, ಮಂತ್ರಿ," ಎಂದಳು ತುಳುವಿನಲ್ಲಿ. "ರಾಜ ಇಷ್ಟು ಗಡಿಬಿಡಿಯಲ್ಲಿ ಮಾತಾಡುದಿಲ್ಲ."

ಮಂತ್ರಿಯೇ ಆಗಿದ್ದ! ಮಾಟಗಾತಿ ಬಾಯಿ ತೆರೆದರೆ ಅಮ್ಮ ತುರಿಯುವುದನ್ನು ನಿಲ್ಲಿಸಿ, "ನಂಬಬೇಡ ಮಗಾ," ಎಂದು ಪ್ಲೇಯರಿಗೇ ಹೇಳುತ್ತಿದ್ದಳು. ಒಗ್ಗರಣೆಯ ಸದ್ದಿಗೆ ಮಾತು ಮುಚ್ಚಿಹೋದರೆ ನನಗೆ ಬೈಗುಳ. ನಾನು ಸಾರಾಂಶ ಹೇಳುವುದು, ಅವಳು ತಿದ್ದುವುದು. ಪುಸ್ತಕವೊಂದು ಇಷ್ಟು ರುಚಿಯಾಗಿರಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಸೋಮವಾರ ಮುದಿ ರಾಜ ಯುದ್ಧದಲ್ಲಿ ಸತ್ತ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬುಧವಾರ ಅದೇ ರಾಜ ಔತಣದಲ್ಲಿ ಕೂತು ಹಂದಿಮಾಂಸ ತಿನ್ನುತ್ತಿದ್ದ!

"ಇದೆಂಥದಮ್ಮಾ?"

"ಎಂಥ ಆಶ್ಚರ್ಯ? ನಿನ್ನೆಯ ಪ್ರಸಂಗದಲ್ಲಿ ಸತ್ತವ ಇವತ್ತಿನ ಪ್ರಸಂಗದಲ್ಲಿ ಬಂದು ಮಾತಾಡುದಿಲ್ವಾ? ಅವನಿಗೂ ಹೊಟ್ಟೆ ಉಂಟು."

ನನಗೂ ಸರಿ ಎನಿಸಿತು. ಈ ಲೋಕದಲ್ಲಿ ಸಾವು ಒಂದು ಸಣ್ಣ ವಿರಾಮ ಮಾತ್ರ, ಅದೇ ಲೇಖಕರ ಎದೆಗಾರಿಕೆ ಎಂದು ಉದ್ದುದ್ದ ಪ್ರಬಂಧ ಬರೆದುಕೊಟ್ಟೆ.

ಅಧ್ಯಾಪಕಿ ಕರೆಸಿದರು. "ಕಥೆ ಎಲ್ಲಿ ಶುರುವಾಗುತ್ತದೆ?"

"ಸೇತುವೆ ಸುಡುವಲ್ಲಿ."

"ಅದು ಕೊನೆಯ ಅಧ್ಯಾಯ." ಅವರು ಕನ್ನಡಕ ತೆಗೆದರು. "ರಾಜ ಎದ್ದು ಬರುವುದೇ ಇಲ್ಲ. ನೀವು ಯಾವ ಪುಸ್ತಕ ಓದಿದಿರಿ?"

ಮನೆಗೆ ಬಂದು ಪ್ಲೇಯರ್ ನೋಡಿದೆ. ಸಿನಿಮಾ ಹಾಡುಗಳು ಹಿಂದುಮುಂದಾಗಿ ಬರಲೆಂದು ನಾವು ಸದಾ ಒತ್ತಿಟ್ಟಿದ್ದ ಷಫಲ್ ಗುಂಡಿ ಕೆಂಪಗೆ ಉರಿಯುತ್ತಿತ್ತು.

ಇನ್ನೊಂದು ಪ್ರಬಂಧಕ್ಕೆ ಒಂದು ವಾರ ಸಿಕ್ಕಿತು. ತಪ್ಪಿದರೆ ಆ ವಿಷಯ ಮತ್ತೆ ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ಅಮ್ಮನ ವೀಸಾ ಮುಗಿದು, ಮನೆತನದ ಮೊದಲ ಪದವಿಯನ್ನು ಅವಳು ಫೋಟೋದಲ್ಲಿ ನೋಡಬೇಕಾಗುತ್ತಿತ್ತು. ಗುಂಡಿ ಆರಿಸಿ ಮೊದಲಿನಿಂದ ಹಾಕಿದೆ. ಅಮ್ಮ ಮತ್ತೆ ಕೂತಳು. ಈ ಸಲ ರಾಜ ಸತ್ತ ಮೇಲೆ ಮೂರು ದಿನ ಕಾದು, ಬೇಸರದಿಂದ ಎದ್ದಳು.

"ಮೊದಲಿನದ್ದೇ ಚಂದ ಇತ್ತು. ಇದರಲ್ಲಿ ಸತ್ತವ ಸತ್ತೇ ಹೋದ."

ಆ ಮಾತನ್ನೇ ಪ್ರಬಂಧದ ಮೊದಲ ಸಾಲಿಗೆ ಇಟ್ಟೆ. ಕಥೆ ಗೊತ್ತಿದ್ದೂ ಮತ್ತೆ ಮತ್ತೆ ಕೇಳುವ ನಮ್ಮ ಕಡೆಯ ಜನ ಹೇಗೆ ಕೇಳುತ್ತಾರೆ, ಒಂದೇ ಗಂಟಲು ರಾಜನನ್ನೂ ಮಂತ್ರಿಯನ್ನೂ ಹೇಗೆ ಬೇರೆ ಮಾಡುತ್ತದೆ ಎಂದು ಬರೆದೆ. ದೊಡ್ಡ ಪದ ಒಂದೂ ಹಾಕಲಿಲ್ಲ, ಬರುತ್ತಲೂ ಇರಲಿಲ್ಲ. ಅಧ್ಯಾಪಕಿ ಪಾಸು ಮಾಡಿ, ಅಂಚಿನಲ್ಲಿ ಬರೆದರು: "ನಿಮ್ಮ ತಾಯಿಯ ಪಕ್ಕ ಕೂತು ಕೇಳಬೇಕೆನಿಸಿತು."

ಘಟಿಕೋತ್ಸವಕ್ಕೆ ಅಮ್ಮ ರೇಷ್ಮೆ ಸೀರೆಯ ಮೇಲೆ ನನ್ನ ಚಳಿಗಾಲದ ಜಾಕೆಟ್ ಹಾಕಿ ಬಂದಳು. ವೇದಿಕೆಯಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಇಳಿದವಳೇ ಅದನ್ನು ಅವಳ ಮಡಿಲಿಗಿಟ್ಟೆ. ಅಮ್ಮ ಬಹಳ ಹೊತ್ತು ನೋಡಿದಳು.

"ನಿನ್ನ ಹೆಸರು ಯಾವುದು?"

ಬೆರಳಿಟ್ಟು ತೋರಿಸಿದೆ. ಮೇಲಿದ್ದ ದಪ್ಪಕ್ಷರ ಯಾರದೆಂದು ಕೇಳಿದಳು. ಯೂನಿವರ್ಸಿಟಿಯದು ಎಂದೆ.

"ಅದರ ಹೆಸರು ಅಷ್ಟು ದೊಡ್ಡಕ್ಕೆ, ನಿನ್ನದು ಇಷ್ಟು ಸಣ್ಣಕ್ಕೆ! ಓದಿದ್ದು ಅದಾ, ನೀನಾ?"