ದೊಡ್ಡಮ್ಮನ ಸೊಟ್ಟ ಹಲ್ಲು

ಹಲ್ಲಿನ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಬಾಯಿಯ ಅಚ್ಚು ತೆಗೆದು ಕೃತಕ ಹಲ್ಲಿನ ಸೆಟ್ ಕಟ್ಟುವುದು ಅವನ ಕೆಲಸ. ಸಂಬಳ ಸಣ್ಣದು, ಗತ್ತು ದೊಡ್ಡದು. ಡಾಕ್ಟರಮ್ಮ ಹಲ್ಲು ಕೀಳುವವರು, ನಗು ಕೊಡುವವನು ತಾನು ಎಂದು ಮನೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಅದನ್ನು ನಂಬಿಯೇ ಇರಬೇಕು, ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಅಲುಗಾಡುವ ಹಲ್ಲುಗಳ ಸಮೇತ ಬಂದು ಅವನ ಕುರ್ಚಿಯಲ್ಲೇ ಕೂತಳು.

ಹಲ್ಲು ಕೀಳುವ ಮೊದಲು ಒಂದು ಅಚ್ಚು ತೆಗೆದಿಡುವುದು ಕ್ರಮ. ಅವು ಹೇಗೆ ನಿಂತಿದ್ದವು ಎಂಬುದಕ್ಕೆ ಆಮೇಲೆ ಅದೊಂದೇ ಸಾಕ್ಷಿ. ಅವನು ಅಚ್ಚಿನ ಪುಡಿಯನ್ನು ನೀರಲ್ಲಿ ಕಲಸಿ ಟ್ರೇಗೆ ತುಂಬಿ ಬಾಯಿಗಿಟ್ಟ, ಮೂಗಲ್ಲಿ ಉಸಿರಾಡು ಎಂದ. ಅದು ಗಟ್ಟಿಯಾಗುವವರೆಗೂ ದೊಡ್ಡಮ್ಮ ಕಣ್ಣಲ್ಲೇ ಬೈದಳು. ಅಚ್ಚಿಗೆ ಪ್ಲಾಸ್ಟರ್ ಸುರಿದು ಬಿಡಿಸಿದಾಗ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಕಾಲು ಹಾಕಿಕೊಂಡು ಕೂತಂತೆ, ಇದ್ದದ್ದು ಇದ್ದ ಹಾಗೇ ಬಂತು.

"ಮೊದಲು ಹೇಗಿತ್ತೋ ಹಾಗೇ ಮಾಡು. ನಿನ್ನ ಜಾಣತನ ತೋರಿಸೋಕೆ ಹೋಗಬೇಡ," ಎಂದಳು ಬಾಯಿ ಒರೆಸಿಕೊಳ್ಳುತ್ತ.

ಹೂಂ ಅಂದ. ಹಲ್ಲು ಕಿತ್ತಾಯಿತು, ವಸಡು ಮಾಗಿ ಅದರ ಅಚ್ಚೂ ಆಯಿತು. ಆದರೆ ಮೇಣದಲ್ಲಿ ಹಲ್ಲು ಜೋಡಿಸುವಾಗ ಕೈ ಕೇಳಲಿಲ್ಲ. ಜನ್ಮವಿಡೀ ಫೋಟೋದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದವಳು, ಇನ್ನಾದರೂ ಬಾಯಿ ತುಂಬ ನಗಲಿ ಎಂದು ಮುತ್ತು ಪೋಣಿಸಿದಂತೆ ಜೋಡಿಸಿದ. ಹಳೆಯ ಪ್ಲಾಸ್ಟರ್ ಬಾಯಿ ಇನ್ನೇಕೆ ಎಂದು ಕಸದ ಬುಟ್ಟಿಗೆ ಹಾಕಿ, ಕಪಾಟಿನಲ್ಲಿ ಜಾಗ ಮಾಡಿಕೊಂಡ.

ಸೆಟ್ ಹಾಕಿಕೊಂಡ ದೊಡ್ಡಮ್ಮ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. ಚೆನ್ನಾಗೇನೋ ಇದೆ, ಯಾರ ಬಾಯಿ ಇದು ಎಂದು ಕೇಳಿದಳು. ಅವನೊಬ್ಬನೇ ನಕ್ಕ. ಅಂದಿನಿಂದ ಊಟಕ್ಕೆ ಮಾತ್ರ ಸೆಟ್ ಹಾಕಿಕೊಳ್ಳುತ್ತಿದ್ದಳು, ನೆಂಟರು ಬಂದರೆ ತೆಗೆದು ಬಟ್ಟಲಲ್ಲಿಟ್ಟು ಬೊಚ್ಚುಬಾಯಲ್ಲೇ ಮಾತಿಗೆ ಕೂರುತ್ತಿದ್ದಳು. ಲೋಕದಲ್ಲಿ ಎಲ್ಲರೂ ಮಾಡುವುದು ಇದರ ತಿರುಗಾಮುರುಗಾ.

ಅವನ ಗತ್ತು ಇಳಿಯಿತು. ಇನ್ನೊಂದು ಸೆಟ್ ಮಾಡೋಣವೆಂದು ಮೇಣ ಮುಂದಿಟ್ಟುಕೊಂಡು ಕೂತ. ಸೊಟ್ಟಗಿದ್ದದ್ದು ಎಡಗಡೆಯದೋ, ಬಲಗಡೆಯದೋ? ಆ ಬಾಯಿಂದ ಅಷ್ಟೊಂದು ಬೈಗುಳ ತಿಂದು ದೊಡ್ಡವನಾದವನಿಗೆ ಏನು ಮಾಡಿದರೂ ನೆನಪಾಗಲಿಲ್ಲ. ಫೋಟೋಗಳಲ್ಲಿ ಬರೀ ಕೈ. ಕೊನೆಗೆ ನಾಚಿಕೆ ಬಿಟ್ಟು ಅವಳನ್ನೇ ಕೇಳಿದ.

"ಕನ್ನಡೀಲಿ ಈ ಕಡೆ ಇತ್ತು," ಎಂದು ಬೆರಳಿಟ್ಟಳು. ಬೆರಳು ಮೆಲ್ಲಗೆ ಆಚೆ ಕಡೆಗೆ ಸರಿಯಿತು. "ಅಲ್ವೇನೋ? ಇಷ್ಟು ವರ್ಷ ಎದುರಿಗೆ ಕೂತು ನೋಡಿದವನು ನೀನು, ನನ್ನ ಕೇಳ್ತೀಯಲ್ಲ."

ಅವನು ಅಂದಾಜಿನ ಮೇಲೆ ಎಡಗಡೆಯ ಹಲ್ಲನ್ನು ಸೊಟ್ಟ ಕೂರಿಸಿ ತಂದ. ದೊಡ್ಡಮ್ಮ ಹಾಕಿಕೊಂಡಳು. ಕನ್ನಡಿಗಿಂತ ಹೆಚ್ಚಾಗಿ ಅವನ ಮುಖವನ್ನೇ ನೋಡಿ, ಇದೇ ಇರಬೇಕು ಬಿಡು ಎಂದಳು. ಹಾಗೆ ಅಂದದ್ದು ಹಲ್ಲು ನೋಡಿಯೋ, ತನ್ನ ಸಪ್ಪೆ ಮೋರೆ ನೋಡಿಯೋ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.